ಎಂಟೇ ಫಿರಂಗಿಯಲ್ಲಿ ಗೆದ್ದ ಕಥೆ

ನಮ್ಮ ಗುಂಪಿನ ನೌಕಾಪಡೆ ಆಟ ಶುರುವಾಗುವುದು 1906ರಿಂದ. ಒಬ್ಬೊಬ್ಬರಿಗೆ ಒಂದೊಂದು ದೇಶ, ವರ್ಷಕ್ಕೆ ಇಂತಿಷ್ಟು ದುಡ್ಡು. ಹಡಗಿನ ನಕ್ಷೆ ಮಾತ್ರ ಅವರವರದೇ. ಈ ಸಲ ನನಗೆ ಜರ್ಮನಿ ಬಂತು. ಒಂದು ಹಡಗಿಗೆ ಎಂಟೇ ದೊಡ್ಡ ಫಿರಂಗಿ ಸಾಕು ಅಂದೆ. ಯಾರೂ ಒಪ್ಪಲಿಲ್ಲ.

ಹಿಂದಿನ ಎರಡು ಆಟದಲ್ಲಿ ನಾನೂ ಆಗಿನ ಜರ್ಮನ್ ಯುದ್ಧನೌಕೆ ನಸ್ಸೌ ಥರದ್ದನ್ನೇ ಕಟ್ಟಿದ್ದೆ. ಹನ್ನೆರಡು ಫಿರಂಗಿ, ಆರು ಟರೆಟ್ (ಫಿರಂಗಿ ಕೂರಿಸಿದ ತಿರುಗುವ ಗೋಪುರ), ನೋಡಲು ಭರ್ಜರಿ. ಆದರೆ ಒಂದು ಬದಿಗೆ ಗುಂಡು ಹಾರಿಸುವುದು ಎಂಟೇ. ಉಳಿದ ನಾಲ್ಕನ್ನು, ಅವುಗಳ ಮದ್ದಿನ ಕೋಣೆಯನ್ನು ಸುಮ್ನೆ ಹೊತ್ತು ತಿರುಗಬೇಕು. 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನದೂ ಅದೇ ಪಾಡು, ಹತ್ತರಲ್ಲಿ ಎಂಟು. ಅಮೆರಿಕದ ಸೌತ್ ಕೆರೊಲಿನಾ ಹಡಗಿನಲ್ಲಿ ಇದ್ದದ್ದೇ ಎಂಟು, ಎಂಟೂ ಎರಡೂ ಬದಿಗೆ ತಿರುಗುತ್ತಿದ್ದವು. ಅದು ಸುಮಾರು 16,000 ಟನ್. ವೇಗ ಮಾತ್ರ 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲಿ) ಚಿಲ್ಲರೆ.

ನಾನು ನಾಲ್ಕು ಟರೆಟ್‌ಗಳನ್ನೂ ಹಡಗಿನ ನಡುಗೆರೆಯ ಮೇಲೆ, ಒಂದರ ತಲೆಯ ಮೇಲಿಂದ ಇನ್ನೊಂದು ಗುಂಡು ಹಾರಿಸುವಂತೆ ಇಟ್ಟೆ. ಉಳಿದ ಭಾರವನ್ನು ಕವಚಕ್ಕೂ ಟರ್ಬೈನ್ ಎಂಜಿನ್‌ಗೂ ಹಾಕಿದೆ. ಮೇಲಿನ ಟರೆಟ್ ಗುಂಡು ಹಾರಿಸಿದರೆ ಆ ರಭಸಕ್ಕೆ ಕೆಳಗಿನ ಟರೆಟ್‌ನವರ ಗತಿಯೇನು ಅಂತ ಎಲ್ಲರೂ ಕೇಳಿದರು. ಬ್ರಿಟಿಷರಿಗೆ ಆ ತೊಂದರೆ ಇತ್ತು, ಅವರ ಗುರಿ ನೋಡುವ ಕಿಂಡಿ ಟರೆಟ್ಟಿನ ಚಾವಣಿಯ ಮೇಲೆ. ನಾನು ಅದನ್ನು ಪಕ್ಕಕ್ಕೆ ಸರಿಸಿದೆ, ಅಷ್ಟೇ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಮೊದಲ ಎರಡು ಹಡಗಿಗೆ ಕಲ್ಲಿದ್ದಲು ಕಂಠಪೂರ್ತಿ ತುಂಬಿಸಿದ್ದೆ. ಗ್ರಾಫ್ ಹಾಳೆಯಲ್ಲಿ ನೀರಿನ ಗೆರೆ ಮತ್ತೆ ಎಳೆದು ನೋಡಿದರೆ ಬದಿಯ ಕವಚ ಪೂರ್ತಿ ಮುಳುಗಿದೆ, ನೀರಿನ ಮೇಲಿನ ಭಾಗಕ್ಕೆ ಅದರ ರಕ್ಷಣೆಯೇ ಇಲ್ಲ! ನಿಜವಾದ ಡ್ರೆಡ್‌ನಾಟ್‌ಗೂ ಇದೇ ಆಗಿತ್ತು, ಗೊತ್ತಿದ್ದೂ ಎಡವಿದೆ. ಎರಡೂ ಹೋದವು. ಒಂದಕ್ಕೆ ಸುಮಾರು 18 ಲಕ್ಷ ಪೌಂಡ್ ಅಂದರೆ 36 ಲಕ್ಷ ನೀರುಪಾಲು. ಅದರ ಮೇಲೆ, ದೊಡ್ಡ ಹಡಗು ಹಿಡಿಸುವಂತೆ ಬಾಲ್ಟಿಕ್‌ನಿಂದ ಉತ್ತರ ಸಮುದ್ರಕ್ಕೆ ಹೋಗುವ ಕೀಲ್ ಕಾಲುವೆ ಅಗಲ ಮಾಡುವ ಖರ್ಚು ಬೇರೆ. ನಿಜವಾದ ಜರ್ಮನಿಗೂ ಅದು 1914ರ ತನಕ ಎಳೆಯಿತಲ್ವಾ.

ನಡುವೆ ಮೂರು ಫಿರಂಗಿಯ ಟರೆಟ್ ಕೂಡ ಮಾಡಿ ನೋಡಿದೆ, ಇಟಲಿಯವರ ದಾಂತೆ ಅಲಿಘಿಯೇರಿ ಹಡಗಿನ ಥರ. ಒಂದು ಏಟು ಬಿದ್ದರೆ ಮೂರೂ ಸುಮ್ಮನಾಗುತ್ತವೆ. ಬಿಟ್ಟುಬಿಟ್ಟೆ.

ಮೂರನೇ ನಕ್ಷೆಯಲ್ಲಿ ಕಲ್ಲಿದ್ದಲನ್ನು ಮೂರರಲ್ಲಿ ಒಂದು ಪಾಲು ಇಳಿಸಿದೆ. ನಾನು ಹೋಗಬೇಕಿದ್ದದ್ದು ಉತ್ತರ ಸಮುದ್ರಕ್ಕೆ ಮಾತ್ರ, ಸಿಂಗಾಪುರಕ್ಕಲ್ಲ. ಕವಚವನ್ನು ಎರಡು ಅಡಿ ಮೇಲೆತ್ತಿದೆ. ಉಳಿದ ಕಲ್ಲಿದ್ದಲನ್ನು ಎಲ್ಲಿ ತುಂಬಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ಆಟ ಬಾಕಿ ಇದೆ.

ಕೊನೆಯ ಕಾಳಗ ನಮ್ಮ ಮನೆ ಹಾಲ್‌ನಲ್ಲಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ. ನನ್ನವು ನಾಲ್ಕು, ಬ್ರಿಟನ್ನಿನವು ಆರು. ರಾತ್ರಿ ಹನ್ನೊಂದರ ಹೊತ್ತಿಗೆ ಅವರ ಮೂರು ರಟ್ಟಿನ ಹಡಗು ಸೋಫಾ ಕೆಳಗೆ ಸೇರಿದ್ದವು. ನನ್ನವು ನಾಲ್ಕೂ ತೇಲುತ್ತಿದ್ದವು.