ಹಂಡೆ ಒಲೆಗೆ ಸೌದೆ ಜಾಸ್ತಿ ಹೋಗ್ತಿದ್ಯಾ? ಮೊದಲು ಮುಚ್ಚಳ ನೋಡಿ

ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದರೆ ಬಚ್ಚಲ ಒಲೆ ಆರುವುದೇ ಇಲ್ಲ. ಸೌದೆ ಉಳಿಯಬೇಕು ಅಂದ್ರೆ ತಾಮ್ರದ ಹಂಡೆನೇ ಬೇಕು ಅಂತ ಎಲ್ಲರೂ ಹೇಳ್ತಾರೆ. ತಾಮ್ರ ಸ್ಟೀಲಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ಆದರೆ ಹಂಡೆಯ ತಗಡು ತೆಳ್ಳಗಿರುತ್ತದಲ್ವಾ, ಅಲ್ಲಿ ಶಾಖಕ್ಕೆ ಅಂಥ ತಡೆಯೇನೂ ಇಲ್ಲ. ತಡೆ ಇರುವುದು ಬಿಸಿ ಹೊಗೆಯಿಂದ ತಗಡಿಗೆ ಶಾಖ ಬರುವ ಜಾಗದಲ್ಲಿ, ಅದರ ಮೇಲೆ ದಪ್ಪಗೆ ಮಸಿ ಬೇರೆ ಕೂತಿರುತ್ತದೆ. ಮಸಿ ಅಂದ್ರೆ ಹಂಡೆಗೆ ಕಂಬಳಿ ಹೊದಿಸಿದ ಹಾಗೆ. ಕೆರೆದು ತೆಗೆಯಿರಿ. ಅರಸೀಕೆರೆ ಕಡೆಯವರು ಬೋರ್‌ವೆಲ್ ನೀರು ಕಾಯಿಸುತ್ತಿದ್ದರೆ ಒಳಗಿನ ಬಿಳಿ ಪದರವನ್ನೂ ಹುಣಸೆಹಣ್ಣು ಹಾಕಿ ಉಜ್ಜಿ.

ಇನ್ನು ಮುಚ್ಚಳ. ನಮ್ಮನೆಯಲ್ಲಿ ಅದು ಮೂರು ವರ್ಷ ಸುಮ್ನೆ ಗೋಡೆಗೆ ಒರಗಿತ್ತು! ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಹೊತ್ತೊಯ್ಯುವ ಶಾಖದಲ್ಲಿ 20 ಡಿಗ್ರಿಯ ಸುಮಾರು 18 ಲೀಟರ್ ನೀರನ್ನು 50 ಡಿಗ್ರಿಗೆ ಕಾಯಿಸಬಹುದು, ಅಂದ್ರೆ ಹತ್ತಿರ ಹತ್ತಿರ ಒಬ್ಬರ ಸ್ನಾನ. ಬಚ್ಚಲಲ್ಲಿ ಹಬೆ ತುಂಬಿ ಗೋಡೆಯಲ್ಲಿ ನೀರು ಇಳಿಯುತ್ತಿದ್ದರೆ ಅದು ನಿಮ್ಮ ಸೌದೆನೇ.

ಹಸಿ ಸೌದೆಯದ್ದೂ ಇದೇ ಕಥೆ, ಒಳಗಿನ ನೀರು ಆವಿಯಾಗಲು ಒಂದಿಷ್ಟು ಉರಿ ಸುಮ್ನೆ ಹೋಗುತ್ತದೆ. ಸಿಲ್ವರ್ ಓಕ್ ಕೊಂಬೆ ಬೇಸಿಗೆಯಲ್ಲೇ ಸೀಳಿ ಒಲೆಯ ಪಕ್ಕ ಅಟ್ಟಿ ಇಡಿ.