ಹೊಸ ಬ್ಯಾಟರಿ ಹಾಕಿದ ಮೇಲೂ ಏದುಸಿರು ಬಿಡುತ್ತಿದ್ದ ಎಂಜಿನ್

ಮೂಡಿಗೆರೆ ಸುತ್ತಿನ ಎಸ್ಟೇಟುಗಳಿಂದ ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆಗಳಿಗೆ, ಕಾಫಿ ಮೂಟೆ ಸಾಗಿಸುವುದು ನನ್ನ ಕೆಲಸ. ಲಾರಿ ನನ್ನದೇ, ಓಡಿಸುವವನೂ ನಾನೇ. ಆರು ಚಕ್ರ, ಆರು ಸಿಲಿಂಡರು, ಹಳೆ ಕಾಲದ ಇನ್‌ಲೈನ್ ಡೀಸೆಲ್ ಪಂಪು, 24 ವೋಲ್ಟಿನ ಸೆಲ್ಫು, ಅಂದರೆ ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್. ಎಲೆಕ್ಟ್ರಾನಿಕ್ಸ್ ಎಂದರೆ ಟೇಪ್ ರೆಕಾರ್ಡರ್ ಒಂದೇ. ಅಂಥ ಗಾಡಿ ಎರಡು ವರ್ಷದ ಹಿಂದೆ ಸೀಸನ್ ಶುರುವಾಗುವ ಹೊತ್ತಿಗೇ ಬೆಳಗಿನ ಜಾವ ಸ್ಟಾರ್ಟ್ ಆಗಲು ಒದ್ದಾಡತೊಡಗಿತು. ಅದರ ಮೂಲ ಹುಡುಕಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಇದೇ ಕಷ್ಟದಲ್ಲಿರುವ ಬೇರೆ ಲಾರಿಯವರ ಹಣವಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಕೀ ತಿರುಗಿಸಿದರೆ ಒಂದೇ ಸಮನೆ ತಿರುಗಬೇಕಾದ ಎಂಜಿನ್ 'ಗುಕ್… ಗುಕ್… ಗುಕ್…' ಎಂದು ಒಂದೊಂದು ಸಿಲಿಂಡರನ್ನೂ ಎಣಿಸಿಕೊಂಡು ತಿರುಗುತ್ತಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನೇಳು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನವಾಗಿ ಒತ್ತಿದರೆ ಆ ಶಾಖವನ್ನು ತಣ್ಣನೆಯ ಸಿಲಿಂಡರ್ ಗೋಡೆಯೇ ಕುಡಿದುಬಿಡುತ್ತದೆ, ಗಾಳಿಯೂ ರಿಂಗುಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತದೆ. ಪಂಪು, ಡೀಸೆಲ್ ಸಿಂಪಡಿಸುವ ನಾಜಲ್ಲು ಎಲ್ಲ ಚೆನ್ನಾಗಿದ್ದರೂ ತಿರುಗುವ ವೇಗ ಸಾಲದಿದ್ದರೆ ಗಾಡಿ ಹತ್ತುವುದಿಲ್ಲ, ಅಂದರೆ ಸ್ಟಾರ್ಟ್ ಆಗುವುದಿಲ್ಲ. ನಾಜಲ್ ಬಿಚ್ಚಿಸು ಎಂದು ಹೇಳಿದವರೂ ಇದ್ದರು. ಅದನ್ನು ಮಾಡಿಸಲಿಲ್ಲ ಎಂಬುದೊಂದೇ ಸಮಾಧಾನ.

ಮೊದಲ ಎರಡು ವಾರ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಗ್ಗೆ ಉರುಳಿಸಿ ಎರಡನೇ ಗೇರಿನಲ್ಲಿ ಕ್ಲಚ್ ಬಿಡುವುದು. ದಯವಿಟ್ಟು ಇದನ್ನು ಯಾರೂ ಅಭ್ಯಾಸ ಮಾಡಿಕೊಳ್ಳಬೇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ರೇಕಿಗೆ ಬೇಕಾದ ಏರ್ ಇಳಿದಿರುತ್ತದೆ, ಎಂಜಿನ್ ಓಡದೆ ಪವರ್ ಸ್ಟೀರಿಂಗ್ ಇಲ್ಲ. ಒಂದು ದಿನ ಗಾಡಿ ಹತ್ತದೆ ಹಾಗೇ ಉರುಳಿತು, ಬ್ರೇಕ್ ಮೆಟ್ಟಿದರೆ ಅರ್ಧಂಬರ್ಧ ಹಿಡಿಯಿತು, ರಸ್ತೆಯಂಚಿನ ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ಕ್ಲೀನರ್ ಹುಡುಗ ಕಲ್ಲು ಹಿಡಿದುಕೊಂಡು ಪಕ್ಕದಲ್ಲೇ ಓಡಿ ಬರುತ್ತಿದ್ದ. ಅವತ್ತಿಗೆ ಅದನ್ನು ಬಿಟ್ಟೆ.

ಬ್ಯಾಟರಿ ಅಂಗಡಿಯವರು ಗ್ರಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ ನೋಡಿದರು; ಅದು ಇಳಿದಷ್ಟೂ ಚಾರ್ಜ್ ಕಡಿಮೆ. ಒಂದು ಬ್ಯಾಟರಿಯ ಆರೂ ಸೆಲ್ಲು 1.240ರ ಆಸುಪಾಸು, ಇನ್ನೊಂದರಲ್ಲಿ ಎಲ್ಲವೂ 1.150ರ ಹತ್ತಿರ. ಒಂದೇ ದಿನ ತಂದ ಜೋಡಿ ಹೀಗೇಕೆ ಎಂದು ವೈರ್ ಹಿಡಿದು ಹೋದರೆ ಟೇಪ್ ರೆಕಾರ್ಡರಿಗೆ ಬಂದು ನಿಂತಿತು. 24 ವೋಲ್ಟಿನ ಗಾಡಿಯಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳು ಸಾಲಾಗಿ ಕೂತಿರುತ್ತವೆ. ಟೇಪಿಗೆ, ಮೊಬೈಲ್ ಚಾರ್ಜರಿಗೆ ಬೇಕಾದ 12 ವೋಲ್ಟನ್ನು ನಾವೆಲ್ಲ ಒಂದೇ ಬ್ಯಾಟರಿಯಿಂದ ಎಳೆದುಕೊಳ್ಳುತ್ತೇವೆ. ಆ ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ. ಆಲ್ಟರ್ನೇಟರು ಎರಡಕ್ಕೂ ಸೇರಿಸಿ ಚಾರ್ಜ್ ಮಾಡುವುದರಿಂದ ಒಂದು ಸದಾ ಹಸಿದಿರುತ್ತದೆ, ಇನ್ನೊಂದು ಹೊಟ್ಟೆ ಬಿರಿಯ ಉಂಡು ನೀರು ಸುಡುತ್ತದೆ. ಎರಡನ್ನೂ ಜೋಡಿಯಾಗಿ ಬದಲಿಸಿದೆ, ಹಳೆಯದರ ಪಕ್ಕ ಹೊಸದನ್ನು ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಟೇಪಿಗೆ 24ರಿಂದ 12 ಮಾಡುವ ಕನ್ವರ್ಟರ್ ಹಾಕಿಸಿದೆ.

ಗಾಡಿ ಸ್ವಲ್ಪ ಚುರುಕಾಯಿತು. ಸ್ವಲ್ಪ ಅಷ್ಟೇ. ಮೋಡವಿದ್ದ ದಿನ ಹತ್ತುವುದು, ಚಳಿ ಬಿದ್ದ ದಿನ ಮತ್ತೆ ಗುಕ್ ಗುಕ್.

ಎಲೆಕ್ಟ್ರಿಷಿಯನ್ "ಅಣ್ಣಾ, ಸೆಲ್ಫ್ ಬಿಚ್ಚಿ ನೋಡೇಬಿಡಾಣ" ಎಂದರು. ಬಿಚ್ಚಿದಾಗ ಕಾರ್ಬನ್ ಬ್ರಷ್ ಅರ್ಧ ಸವೆದಿತ್ತು, ತಿರುಗುವ ದಂಡವನ್ನು ಹಿಡಿದಿಡುವ ಬುಷ್ ಸಡಿಲವಿತ್ತು. ಎರಡನ್ನೂ ಹೊಸದು ಹಾಕಿದರು. ಅವರು ಮಾಡಿದ್ದು ತಪ್ಪಲ್ಲ, ಹೇಗೂ ಮುಂದೊಂದು ದಿನ ಆಗಬೇಕಿದ್ದ ಕೆಲಸ. ಆದರೆ ಮರುದಿನ ಬೆಳಗ್ಗೆ ಐದಕ್ಕೆ ಎಂಜಿನ್ ಅದೇ ಹಳೆ ರಾಗ ಹಾಡಿತು.

ದಾರಿ ತೋರಿಸಿದ್ದು ಆಕ್ಸಿಲರೇಟರ್ ಕೇಬಲ್. ಒಂದು ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದೂ ಹತ್ತದಿದ್ದಾಗ, ಪೆಡಲ್ಲು ಯಾಕೋ ಬಿಗಿಯಾಗಿದೆ ಅನ್ನಿಸಿ ಎಂಜಿನ್ ಬಾಕ್ಸಿನ ಮುಚ್ಚಳ ತೆಗೆದು ಪಂಪಿನ ಹತ್ತಿರ ಕೇಬಲ್ ಹಿಡಿದೆ. ಕೈ ಚುರ್ ಎಂದಿತು. ಎಂಜಿನ್ ಮಂಜಿನಷ್ಟು ತಣ್ಣಗಿದೆ, ಅದಕ್ಕೆ ಕಟ್ಟಿದ ಕೇಬಲ್ ಮಾತ್ರ ಒಲೆ ಮೇಲಿಂದ ಇಳಿಸಿದ ಹಾಗೆ! ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟುತ್ತಿತ್ತು, ಪೆಡಲ್ ಬಿಗಿಯಾದದ್ದು ಅದಕ್ಕೆ.

ಸೆಲ್ಫಿಗೆ ಹೋದ ಕರೆಂಟು ಪ್ಲಸ್ ಕೇಬಲಿನಲ್ಲಿ ಹೋಗಿ ಎಂಜಿನ್ ಬಾಡಿ ಮೂಲಕ, ಚಾಸಿ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ತಾಮ್ರದ ಹೆಣಿಗೆಯ ಅರ್ತ್ ಪಟ್ಟಿ ಇರುತ್ತದೆ. ಆ ದಾರಿ ಕಟ್ಟಿಕೊಂಡರೆ ಕರೆಂಟು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ನನ್ನ ಗಾಡಿಯಲ್ಲಿ ಬೆರಳು ದಪ್ಪವೂ ಇಲ್ಲದ ಆ ಕೇಬಲ್ಲು ಸೆಲ್ಫಿನ ಕರೆಂಟು ಹೊರುತ್ತಿತ್ತು. ಗೇರ್‌ಬಾಕ್ಸ್, ಬೇರಿಂಗುಗಳ ಮೂಲಕ ಎಷ್ಟು ಹರಿದಿತ್ತೋ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇರಿಂಗಿನ ಗುಂಡುಗಳಿಗೆ ಅದು ಚುಕ್ಕೆ ಚುಕ್ಕೆ ಗುಳಿ ಬೀಳಿಸುತ್ತದೆ.

ಅವತ್ತೇ ನಾನೂರು ರೂಪಾಯಿಯ ಮಲ್ಟಿಮೀಟರ್ ತಂದೆ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಹತ್ತದಿರಲಿ ಎಂದು ಡೀಸೆಲ್ ನಿಲ್ಲಿಸುವ ಸ್ಟಾಪರ್ ಎಳೆದಿಟ್ಟೆ. ಹುಡುಗ ಕೀ ಹತ್ತಿರ ಕೂತ. ಒಮ್ಮೆಗೆ ಐದಾರು ಸೆಕೆಂಡಷ್ಟೇ ಸೆಲ್ಫು, ಆಮೇಲೆ ಎರಡು ನಿಮಿಷ ಬಿಡುವು, ಇಲ್ಲದಿದ್ದರೆ ಮೋಟರ್ ಕಾದು ಸುಟ್ಟುಹೋಗುತ್ತದೆ. ವೋಲ್ಟೇಜ್ ನೋಡಬೇಕಾದದ್ದು ಸೆಲ್ಫು ತಿರುಗುತ್ತಿರುವಾಗಲೇ. ಕರೆಂಟು ಹರಿಯದಿದ್ದರೆ ತುಕ್ಕು ಹಿಡಿದ ಕೇಬಲ್ಲೂ ಮೀಟರಿನಲ್ಲಿ ಹೊಸದರ ಹಾಗೇ ಕಾಣುತ್ತದೆ. ಒಂದೇ ಒಂದು ಎಳೆ ಉಳಿದಿದ್ದರೂ ಸಾಕು, ಮೀಟರ್ 25 ವೋಲ್ಟ್ ಎಂದೇ ಹೇಳುತ್ತದೆ.

ಬ್ಯಾಟರಿ ಜೋಡಿಯ ತುದಿಯಿಂದ ತುದಿಗೆ, ಸೆಲ್ಫು ತಿರುಗುವಾಗ 22.6 ವೋಲ್ಟ್. ಇದನ್ನು ನೋಡಿ ನಾನು ಒಂದು ಗಳಿಗೆ ಸುಮ್ಮನೆ ಕೂತೆ. ಎಂಜಿನ್ ಬಿಗಿಯಾಗಿದ್ದರೆ, ಸೆಲ್ಫು ಒಳಗೇ ಹಿಡಿದಿದ್ದರೆ ಮೋಟರ್ ರಾಶಿ ಕರೆಂಟು ಎಳೆದು ಬ್ಯಾಟರಿಯನ್ನು 18ಕ್ಕೋ 17ಕ್ಕೋ ಕುಗ್ಗಿಸುತ್ತಿತ್ತು, ಹೆಡ್‌ಲೈಟು ಮಂಕಾಗುತ್ತಿತ್ತು. ಇಲ್ಲಿ ಎಂಜಿನ್ ಏದುಸಿರು ಬಿಡುತ್ತಿದೆ, ಬ್ಯಾಟರಿ ಮಾತ್ರ ಆರಾಮಾಗಿದೆ. ಹಾಗಾದರೆ ಬ್ಯಾಟರಿಯ ಬಲ ಸೆಲ್ಫಿಗೆ ತಲುಪುತ್ತಲೇ ಇಲ್ಲ. ಬ್ಯಾಟರಿ ಕೊಳ್ಳುವ ಮೊದಲೇ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಿದ್ದರೆ ಈ ಅನುಮಾನ ಅಂದೇ ಬರುತ್ತಿತ್ತೋ ಏನೋ.

ಸೆಲ್ಫಿನ ದಪ್ಪ ಬೋಲ್ಟಿಗೂ ಸೆಲ್ಫಿನ ಬಾಡಿಗೂ ಮೀಟರ್ ಹಿಡಿದರೆ 18.1. ನಾಲ್ಕೂವರೆ ವೋಲ್ಟ್ ದಾರಿಯಲ್ಲೇ ಕಳೆದಿದೆ. ಪ್ಲಸ್ ಕಡೆ, ಅಂದರೆ ಬ್ಯಾಟರಿಯ ಪ್ಲಸ್ಸಿನಿಂದ ಸೆಲ್ಫಿನ ಬೋಲ್ಟಿನವರೆಗೆ 0.6. ಮೈನಸ್ಸಿನಿಂದ ಸೆಲ್ಫಿನ ಬಾಡಿಗೆ 3.9. ಕಳ್ಳ ಯಾವ ಕಡೆ ಇದ್ದಾನೆಂದು ಗೊತ್ತಾಯಿತು. ಮೈನಸ್ ದಾರಿಯನ್ನು ಮತ್ತೆ ತುಂಡು ಮಾಡಿದೆ. ಮೈನಸ್ಸಿನಿಂದ ಚಾಸಿಗೆ 0.2, ಎಂಜಿನ್ ಬ್ಲಾಕಿನಿಂದ ಸೆಲ್ಫಿನ ಬಾಡಿಗೆ 0.1, ಚಾಸಿಯಿಂದ ಬ್ಲಾಕಿಗೆ 3.6! ಮೀಟರಿನ ಮೊನೆಯನ್ನು ಬಣ್ಣದ ಮೇಲೆ ಇಟ್ಟರೆ ಸುಳ್ಳು ಲೆಕ್ಕ ಬರುತ್ತದೆ, ಕೆರೆದು ಲೋಹ ಕಾಣಿಸಿಕೊಂಡೇ ಇಡಬೇಕು.

ಅರ್ತ್ ಪಟ್ಟಿ ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಬೋಲ್ಟೂ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಲಗ್ಗಿನ (ಪಟ್ಟಿಯ ತುದಿಯ ಲೋಹದ ಕೊಂಡಿ) ಕೆಳಗೆ ಚಾಸಿಯ ಕಪ್ಪು ಪೇಂಟು ಹಾಗೇ ಇತ್ತು, ಬೋಲ್ಟಿನ ತೂತಿನ ಸುತ್ತ ಬಳೆಯಂತೆ ತುಕ್ಕು. ಆಗ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಕ್ಲಚ್ ಪ್ಲೇಟಿಗೆಂದು ಗೇರ್‌ಬಾಕ್ಸ್ ಇಳಿಸಿದ್ದಾಗ, ಹೇಗೂ ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ಹತ್ತಿರ ಬಂತು ಎಂದು ಚಾಸಿಗೆ ಪೇಂಟ್ ಬಳಿಸಿದ್ದೆ. ಪಟ್ಟಿಯನ್ನು ಆ ಪೇಂಟಿನ ಮೇಲೆಯೇ ಕಟ್ಟಿದ್ದರು. ಬೋಲ್ಟಿನ ಮರೆ (ತ್ರೆಡ್) ಮುಟ್ಟುತ್ತಿದ್ದಷ್ಟು ಜಾಗದಲ್ಲಿ ಕರೆಂಟು ಹೇಗೋ ದಾಟುತ್ತಿತ್ತು. ಮಲೆನಾಡಿನ ಮಳೆ ನಾಲ್ಕು ತಿಂಗಳಲ್ಲಿ ಅಲ್ಲಿಗೂ ತುಕ್ಕು ಹಿಡಿಸಿತು. ಪಟ್ಟಿಯನ್ನು ಬಗ್ಗಿಸಿದರೆ ಹೆಣಿಗೆಯ ಒಳಗಿಂದ ಹಸಿರು ಪುಡಿ ಉದುರಿತು, ಅರ್ಧ ಎಳೆಗಳು ತುಂಡಾಗಿದ್ದವು.

ಪೇಂಟನ್ನು ಎಮರಿ ಪೇಪರಿನಿಂದ ಉಜ್ಜಿ ಕಬ್ಬಿಣ ಬೆಳ್ಳಗೆ ಹೊಳೆಯುವಂತೆ ಮಾಡಿದೆ. ಹೊಸ ಪಟ್ಟಿ, ಹಲ್ಲಿರುವ ವಾಷರ್, ಹೊಸ ಬೋಲ್ಟು. ಗ್ರೀಸನ್ನು ಬಿಗಿದ ಮೇಲೆ ಹೊರಗಿನಿಂದ ಸವರಿದೆ. ಜೊತೆಗೆ ಬ್ಯಾಟರಿಯ ಮೈನಸ್ಸಿನಿಂದ ನೇರ ಸೆಲ್ಫಿನ ಮೌಂಟಿಂಗ್ ಬೋಲ್ಟಿಗೆ 70 ಚದರ ಮಿಲಿಮೀಟರಿನ ಕೇಬಲ್ ಒಂದನ್ನು ಎಳೆದೆ, ಲಗ್ಗನ್ನು ಅಂಗಡಿಯ ಪ್ರೆಸ್ಸಿನಲ್ಲೇ ಒತ್ತಿಸಿದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ಗು ಆರು ತಿಂಗಳಿಗೆ ಸಡಿಲವಾಗುತ್ತದೆ.

ಮೈನಸ್ ಕಡೆಯ 3.9 ಈಗ 0.3ಕ್ಕೆ ಇಳಿಯಿತು. ಕಿವಿಗೇ ವ್ಯತ್ಯಾಸ ತಿಳಿಯುತ್ತಿತ್ತು, ಆದರೂ ಲೆಕ್ಕ ಬೇಕೆನಿಸಿತು. ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗಿದರೆ ಮೂರು ಕಂಪ್ರೆಷನ್, ಅಂದರೆ ಮೂರು 'ಗುಕ್'. ರಿಪೇರಿಗೆ ಮುಂಚೆ ಹುಡುಗ ಮೊಬೈಲಿನಲ್ಲಿ ಸದ್ದು ಹಿಡಿದಿಟ್ಟಿದ್ದ: ಐದು ಸೆಕೆಂಡಿಗೆ 25 ಸಲ. ನಿಮಿಷಕ್ಕೆ ನೂರು ಸುತ್ತು. ರಿಪೇರಿಯಾದ ಮೇಲಿನ ಸದ್ದನ್ನು ನಿಧಾನ ಮಾಡಿ ಕೇಳಿಸಿಕೊಂಡು ಎಣಿಸಿದ. "ಐವತ್ತು ಆಯ್ತಣ್ಣ" ಎಂದ. ನಿಮಿಷಕ್ಕೆ ಇನ್ನೂರು.

ಎಲ್ಲರ ಗಾಡಿಯಲ್ಲೂ ಅರ್ತೇ ಕಾರಣವಾಗಿರುತ್ತದೆ ಎಂದಲ್ಲ. ಸೆಲ್ಫು ಹೊಡೆಯುವಾಗ ಬ್ಯಾಟರಿಯ ವೋಲ್ಟೇಜೇ ಪಾತಾಳಕ್ಕಿಳಿದರೆ ಎರಡು ಬ್ಯಾಟರಿಗಳನ್ನೂ ಬೇರೆ ಬೇರೆ ಅಳೆಯಿರಿ, ಒಂದು 11ರಲ್ಲಿದ್ದು ಇನ್ನೊಂದು 8ಕ್ಕೆ ಬಿದ್ದರೆ ಬಿದ್ದದ್ದೇ ತೊಂದರೆ. ಎರಡೂ ಸಮವಾಗಿ ಕುಗ್ಗಿದರೆ, ಚಾರ್ಜೂ ಪೂರ್ತಿ ಇದ್ದರೆ ಸೆಲ್ಫಿನ ಬುಷ್ಷು, ಇಲ್ಲವೇ ಎಂಜಿನ್ನಿನ ಬಿಗಿತ ನೋಡಬೇಕು. ಸೆಲ್ಫಿನವರೆಗೂ ಪೂರ್ತಿ ವೋಲ್ಟೇಜ್ ತಲುಪಿಯೂ ನಿಧಾನ ತಿರುಗಿದರೆ ಆಗ ಸೆಲ್ಫ್ ಬಿಚ್ಚಿ, ಬ್ರಷ್ ನೋಡಿ.

ಸೀಸನ್ನಿಗೆ ಮುಂಚೆ ಈಗ ಎರಡು ಅಳತೆ ತಪ್ಪದೆ ತೆಗೆದುಕೊಳ್ಳುತ್ತೇನೆ: ಪ್ಲಸ್ ಕಡೆ ಒಂದು, ಮೈನಸ್ ಕಡೆ ಒಂದು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡುತ್ತೇನೆ. ಮೈನಸ್ ಹೋದ ವರ್ಷವೂ 0.3 ಇತ್ತು, ಈ ಸಲ 0.3. ಪ್ಲಸ್ ಕಡೆ 0.6 ಇದ್ದದ್ದು 0.8 ಆಗಿದೆ. ಭಾನುವಾರ ಲೋಡ್ ಇಲ್ಲ, ಅವತ್ತು ಆ ಕೇಬಲಿನ ಎರಡೂ ತುದಿ ಬಿಚ್ಚುತ್ತೇನೆ.