ಮೊದಲು ತಂಬೂರಿ ಕೇಳಿಸುತ್ತಾ ನೋಡ್ತೀನಿ

ನಮ್ಮ ಮನೆಯಲ್ಲಿ ಮೂರು ಟ್ರಂಕ್ ತುಂಬ ಸಂಗೀತ ಕಚೇರಿಗಳ ಕ್ಯಾಸೆಟ್‌ಗಳಿವೆ. ಒಂದನ್ನೂ ಯಾವ ಕಂಪನಿಯೂ ಹೊರತಂದದ್ದಲ್ಲ. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ, ರಾಮನವಮಿಗೆ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ, ಮೈಸೂರಿನ ರಸಿಕರು ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದವು. ಇವನ್ನು ಮಾರುವುದಿಲ್ಲ. ನಮ್ಮಂಥವರು ನಾಲ್ಕೈದು ಜನ ಒಬ್ಬರಿಗೊಬ್ಬರು ಕಾಪಿ ಕೊಡುತ್ತೇವೆ, ಅಷ್ಟೆ. ಕೊಡುವಾಗ ಎ, ಬಿ, ಸಿ ಅಂತ ಧ್ವನಿಗೆ ಒಂದು ಗ್ರೇಡ್ ಬರೆಯುತ್ತೇವೆ.

ಶುರುವಿನಲ್ಲಿ ನನಗೆ ಗ್ರೇಡ್ ಹಾಕಲು ಬರುತ್ತಿರಲಿಲ್ಲ. ಒಂದು ತೋಡಿ ರಾಗದ ಆಲಾಪನೆ ಕೇಳಿ ಕಣ್ಣಲ್ಲಿ ನೀರು ಬಂತು, ‘ಎ’ ಬರೆದು ಮಂಡ್ಯದ ಗೆಳೆಯರಿಗೆ ಕಳಿಸಿದೆ. ಮರುದಿನವೇ ಫೋನ್. “ಸಾರ್, ಇದರಲ್ಲಿ ಮೃದಂಗ ಎಲ್ಲಿದೆ?” ಮತ್ತೆ ಹಾಕಿ ಕೇಳಿದೆ. ನಿಜ, ಬರೀ ಟಕ್ ಟಕ್ ಅನ್ನುತ್ತಿತ್ತು. ಎಡಗೈಯಿಂದ ಬರುವ ಗುಂಯ್ ಅನ್ನುವ ತಗ್ಗು ನಾದ, ಅದೇ ಗುಮ್ಕಿ, ಒಂದೂ ಇಲ್ಲ. ನಾನು ಮಾರ್ಕ್ಸ್ ಕೊಟ್ಟಿದ್ದು ಹಾಡಿಗೆ.

ಈಗ ಹೆಡ್‌ಫೋನ್ ಹಾಕಿಕೊಂಡು ಮೂರು ಕಡೆ ಕೇಳುತ್ತೇನೆ: ಮೊದಲ ಕೃತಿ, ತನಿ ಆವರ್ತನ (ಹಾಡು ನಿಲ್ಲಿಸಿ ಮೃದಂಗದವರಷ್ಟೇ ನುಡಿಸುವ ಭಾಗ), ಕೊನೆಯ ಮಂಗಳ. ಹಾಡು ನಿಂತು ಪಿಟೀಲು ಶುರುವಾಗುವ ನಡುವಿನ ಆ ಒಂದು ಕ್ಷಣದಲ್ಲಿ ತಂಬೂರಿ ಕೇಳಿಸುತ್ತಾ? ಸಾಹಿತ್ಯದ ಅಕ್ಷರ ಬಿಡಿಬಿಡಿಯಾಗಿ ಬರುತ್ತಾ? ಗುಮ್ಕಿ ಇದೆಯಾ? ಮೂರೂ ಇದ್ದರೆ ಎ. ತಂಬೂರಿ ಇಲ್ಲದೆ ಉಳಿದೆರಡು ಇದ್ದರೆ ಬಿ. ಸಾಹಿತ್ಯ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಹಾಗಿದ್ದರೆ ಸಿ.

ಮೈಕ್‌ನವರ ಮಿಕ್ಸರ್‌ನಿಂದಲೇ ವೈರ್ ಎಳೆದು ಮಾಡಿದ ರೆಕಾರ್ಡಿಂಗ್ ಅಂದರೆ ಎಷ್ಟೋ ಜನ ಕಣ್ಣು ಮುಚ್ಚಿ ಎ ಕೊಡುತ್ತಾರೆ. ನಾನು ಕೊಡುವುದಿಲ್ಲ. ಚಿಕ್ಕ ಸಭಾಂಗಣದಲ್ಲಿ ಮೃದಂಗ ತಾನಾಗಿಯೇ ಜೋರಾಗಿ ಕೇಳುತ್ತದೆ, ಅದರ ಮೈಕನ್ನು ತಗ್ಗಿಸಿಟ್ಟಿರುತ್ತಾರೆ. ಹಾಗಾಗಿ ಮಿಕ್ಸರ್ ಟೇಪಿನಲ್ಲಿ ಹಾಡುವವರ ಗಂಟಲು ಮಾತ್ರ ದೊಡ್ಡದು. ಮೂರನೇ ಸಾಲಿನಲ್ಲಿ ಕೂತವರ ಟೇಪ್ ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿರುತ್ತದೆ, ಪಕ್ಕದವರ “ಭೇಷ್” ಕೂಡ ಅದರಲ್ಲಿ ಸೇರಿರುತ್ತದೆ.

ಇನ್ನು ಶ್ರುತಿ. ಕಚೇರಿ ಸಾಗುತ್ತಾ ಬ್ಯಾಟರಿ ಇಳಿದರೆ ರೆಕಾರ್ಡರ್‌ನಲ್ಲಿ ಟೇಪ್ ನಿಧಾನವಾಗಿ ಓಡುತ್ತದೆ. ಮನೆಯಲ್ಲಿ ಕರೆಂಟಿಗೆ ಹಾಕಿ ಕೇಳಿದಾಗ ಹಾಡು ಏರುತ್ತಾ ಹೋಗುತ್ತದೆ. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಶುರುವಿನ ವರ್ಣವನ್ನೂ ಕೊನೆಯ ಮಂಗಳವನ್ನೂ ತಾಳೆ ನೋಡುತ್ತೇನೆ. ಹಾರ್ಮೋನಿಯಂ ಲೆಕ್ಕದಲ್ಲಿ ಪಕ್ಕದ ಮನೆಗೆ, ಅಂದರೆ ಕರಿ ಬಿಳಿ ಸೇರಿಸಿ ಪಕ್ಕದ ಕೀಗೆ ಏರಿದ್ದರೆ ವೇಗ ಸುಮಾರು ಶೇ 6 ಜಾಸ್ತಿಯಾಗಿದೆ ಅಂತ. ಇದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು. ಅದಕ್ಕೇ ಗ್ರೇಡ್ ಇಳಿಸುವುದಿಲ್ಲ, ಚೀಟಿಯಲ್ಲಿ ಬರೆಯುತ್ತೇನೆ.

ಶುಯ್ ಅನ್ನುವ ಸದ್ದಿಗೂ ಅರ್ಧ ಗ್ರೇಡಿಗಿಂತ ಜಾಸ್ತಿ ಕಳೆಯುವುದಿಲ್ಲ. ಕಾಪಿಯ ಕಾಪಿ ಆದಷ್ಟೂ ಅದು ಏರುತ್ತದೆ, ಆದರೆ ಹತ್ತು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಿ ‘ಕ್ಲೀನ್’ ಮಾಡಿ ಕೊಡುವವರಿದ್ದಾರೆ, ಅದು ನನಗೆ ನಿಜಕ್ಕೂ ಸಂಕಟ. ಒಂದೇ ಸಮ ಬರುವ ಸಣ್ಣ ಸದ್ದನ್ನೆಲ್ಲ ಅದು ಗಲಾಟೆ ಅಂದುಕೊಳ್ಳುತ್ತದೆ. ಮೊದಲು ಹೋಗುವುದೇ ತಂಬೂರಿ. ದಯವಿಟ್ಟು ಒರೆಸದ ಕಾಪಿಯನ್ನೂ ಇಟ್ಟುಕೊಳ್ಳಿ.

ಫೈಲ್ ಬಂದರೆ ಸ್ಪೆಕ್ಟ್ರಮ್, ಅಂದರೆ ಯಾವ ಎತ್ತರದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ, ತೆರೆದು ನೋಡುತ್ತೇನೆ. ಟೇಪಿನ ಶುಯ್ ಸದ್ದು ಮೇಲಿನವರೆಗೂ ಹರಡಿರಬೇಕು. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದ ಹಾಗೆ ನಿಂತಿದ್ದರೆ, ಹೆಸರು ಫ್ಲ್ಯಾಕ್ (ಸದ್ದಿನಲ್ಲಿ ಏನನ್ನೂ ಬಿಡದ ಫೈಲ್) ಅಂತಿದ್ದರೂ ಅದು ನಡುವೆ ಮೇಲಿನ ಸದ್ದನ್ನು ಕತ್ತರಿಸುವ ಎಂಪಿ3 ಆಗಿ ಬಂದಿರುವ ಸಾಧ್ಯತೆಯೇ ಹೆಚ್ಚು.

90 ನಿಮಿಷದ ಕ್ಯಾಸೆಟ್‌ನಲ್ಲಿ 45ನೇ ನಿಮಿಷಕ್ಕೆ ಪಕ್ಕ ತಿರುಗಿಸಬೇಕಲ್ವಾ, ಅಲ್ಲಿ ಏನು ಹೋಯಿತು ಅಂತಲೂ ಬರೆಯುತ್ತೇನೆ. ಆ ತೋಡಿಯ ಚೀಟಿ ಈಗ ಹೀಗಿದೆ: “ಸಿ ಪ್ಲಸ್. ಸಾಹಿತ್ಯ ಅಷ್ಟಕ್ಕಷ್ಟೆ. ಗುಮ್ಕಿ ಇಲ್ಲ. ತಂಬೂರಿ ಆಲಾಪನೆಯಲ್ಲಿ ಎರಡು ಕಡೆ ಕೇಳಿಸುತ್ತದೆ. ಪಕ್ಕ ತಿರುಗಿಸುವಾಗ (ಒಂದೇ ಸಾಲನ್ನು ಬೆಳೆಸಿ ಹಾಡುವ) ನೆರವಲ್‌ನ ತಾಳದ ಒಂದು ಆವರ್ತ ಇಲ್ಲ.”